ಹುಡ್ ಟು ಕೋಸ್ಟ್ ರಿಲೇ: 12 ಜನ, ಎರಡು ವ್ಯಾನ್, ಒಂದು ರಾತ್ರಿ ಸರಿಯಾಗಿ ಸಾಗಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಡೆಯುವ ಹುಡ್ ಟು ಕೋಸ್ಟ್ ರಿಲೇ ಓಟಕ್ಕೆ ಹೋಗಿ ಸೋತು ಸುಣ್ಣವಾಗಿ ಬಂದ ತಂಡಗಳನ್ನು ಕೇಳಿ ನೋಡಿ. ಓಡುವುದು ಕಷ್ಟವಾಯ್ತು ಅಂತ ಹೇಳುವವರು ಕಡಿಮೆ. ಓಟಗಾರ ಎಕ್ಸ್‌ಚೇಂಜಿಗೆ, ಅಂದರೆ ಸರದಿ ಬದಲಾಗುವ ಜಾಗಕ್ಕೆ, ಬಂದು ನಿಂತಾಗ ಮುಂದಿನವರು ಇನ್ನೂ ವ್ಯಾನಿನೊಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ತಂಡದ ಒಂದೇ ಹೆಡ್‌ಲ್ಯಾಂಪ್ ಆಗಲೇ ಹೊರಟವರ ತಲೆಯ ಮೇಲಿತ್ತು. ಬೆಳಗಿನ ಜಾವ ಅರ್ಧ ತಂಡಕ್ಕೆ ಹೊಟ್ಟೆ ಕೆಟ್ಟಿತ್ತು. ಇವೇ ನಾಲ್ಕೈದು ಕತೆಗಳು ವರ್ಷ ವರ್ಷವೂ ಮರುಕಳಿಸುತ್ತವೆ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಒರೆಗಾನ್‌ನ ಮೌಂಟ್ ಹುಡ್ ಮೇಲಿನ ಟಿಂಬರ್‌ಲೈನ್ ಲಾಡ್ಜ್‌ನಿಂದ ಸೀಸೈಡ್ ಊರಿನ ಕಡಲತೀರದವರೆಗೆ ದಾರಿ ಸುಮಾರು 198 ಮೈಲಿ. ಅದನ್ನು 36 ಲೆಗ್‌ಗಳಾಗಿ, ಅಂದರೆ ಒಬ್ಬರು ಒಂದು ಸಲಕ್ಕೆ ಓಡುವ ತುಂಡುಗಳಾಗಿ, ಹಂಚಿದ್ದಾರೆ. 12 ಜನರ ತಂಡದಲ್ಲಿ ಒಬ್ಬೊಬ್ಬರಿಗೆ ಮೂರು ಲೆಗ್. ವ್ಯಾನಿಗೆ ಆರು ಜನ; ಒಂದು ವ್ಯಾನಿನ ಆರೂ ಜನ ಓಡಿದ ಮೇಲೆ ಇನ್ನೊಂದರ ಸರದಿ. ಮೈಲಿಗೆ ಸರಾಸರಿ 10 ನಿಮಿಷದಂತೆ ಓಡಿದರೆ ಇಡೀ ಓಟಕ್ಕೆ 33 ಗಂಟೆ ಬೇಕು. ಅದರಲ್ಲಿ ನಿಮ್ಮ ಪಾಲಿನ ಓಟ 16.5 ಮೈಲಿ, ಅಂದರೆ 2 ಗಂಟೆ 45 ನಿಮಿಷ. ಉಳಿದ 30 ಗಂಟೆ ನೀವು ವ್ಯಾನಿನಲ್ಲೋ ಸಾಲಿನಲ್ಲೋ ಹುಲ್ಲಿನ ಮೇಲೋ ಇರುತ್ತೀರಿ. ಎಲ್ಲರೂ ತಯಾರಾಗುವುದು ಆ ಮೂರು ಗಂಟೆಗೆ. ತಂಡ ಕೆಡುವುದು ಮಾತ್ರ ಉಳಿದ ಮೂವತ್ತರಲ್ಲಿ. ಹಾಗಾಗಿ ಇಲ್ಲಿ ಓಡುವುದರ ಬಗ್ಗೆ ಕಡಿಮೆ, ಓಡದೆ ಇರುವ ಹೊತ್ತಿನ ಬಗ್ಗೆ ಜಾಸ್ತಿ ಬರೆದಿದ್ದೇನೆ. ರಾಗ್ನರ್ ಅನ್ನುವ ಇನ್ನೊಂದು ಓಟದ ಸರಣಿಯ ರಸ್ತೆ ರಿಲೇಗಳಲ್ಲೂ ಇದೇ 12 ಜನ, ಎರಡು ವ್ಯಾನ್ ಪದ್ಧತಿ ಇರುವುದರಿಂದ ಬಹುಪಾಲು ಅಲ್ಲಿಗೂ ಹೊಂದುತ್ತದೆ.

## ಹಂತ 1: ತಂಡ ಕಟ್ಟುವುದು

ನೋಂದಣಿ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಶುರುವಾಗುತ್ತದೆ. ಇರುವ ಜಾಗಕ್ಕಿಂತ ಕೇಳುವ ತಂಡಗಳು ಜಾಸ್ತಿ, ಆದ್ದರಿಂದ ಲಾಟರಿ. ಓಟ ನಡೆಯುವುದು ಆಗಸ್ಟ್ ಕೊನೆಯ ಒಂದು ಶುಕ್ರವಾರ ಮತ್ತು ಶನಿವಾರ. ನಮ್ಮವರ ತಂಡವಾದರೆ ಹಬ್ಬದ ಕ್ಯಾಲೆಂಡರನ್ನೂ ಒಮ್ಮೆ ನೋಡಿಬಿಡಿ. 2023ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ರ ಶುಕ್ರವಾರ, ಸರಿಯಾಗಿ ಓಟದ ದಿನವೇ ಬಂದಿತ್ತು. ಇಂಥದ್ದು ಜುಲೈನಲ್ಲಿ ಮನೆಯವರಿಂದ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರುವುದು ಒಳ್ಳೆಯದು.

12 ಜನ ಬೇಕಾದರೆ 14 ಜನರನ್ನು ಒಪ್ಪಿಸಿ. ಹತ್ತು ತಿಂಗಳಲ್ಲಿ ಒಬ್ಬರ ಮಂಡಿ ಕೈಕೊಡುತ್ತದೆ, ಇನ್ನೊಬ್ಬರು ವೀಸಾ ಸ್ಟ್ಯಾಂಪಿಂಗಿಗೆ ಊರಿಗೆ ಹೋಗಬೇಕಾಗುತ್ತದೆ. ಕಾಯ್ದಿರಿಸಿದ ಆ ಇಬ್ಬರೂ ತರಬೇತಿಯಲ್ಲಿ ಇರಬೇಕು. ಸುಮ್ನೆ ವಾಟ್ಸ್‌ಆಪ್ ಗುಂಪಿನಲ್ಲಿ ಹೆಸರು ಇದ್ದರೆ ಸಾಲದು.

ಆಯ್ಕೆ ಮಾಡುವಾಗ ವೇಗಕ್ಕಿಂತ ಸ್ವಭಾವ ನೋಡಿ. ನಿದ್ದೆಗೆಟ್ಟಾಗ ಸಿಡುಕುವ ಒಬ್ಬರು ವ್ಯಾನಿನಲ್ಲಿದ್ದರೆ ಉಳಿದ ಐವರ ರಾತ್ರಿ ಹಾಳು. ಮೈಲಿಗೆ ಒಂದು ನಿಮಿಷ ನಿಧಾನವಾದರೂ ಪರವಾಗಿಲ್ಲ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವವರು ಬೇಕು.

ಪೇಸ್, ಅಂದರೆ ಮೈಲಿಗೆ ಎಷ್ಟು ನಿಮಿಷ ಅನ್ನುವುದನ್ನು, ಕೇಳುವಾಗ "ಸುಮಾರು ಎಷ್ಟು ಓಡ್ತೀರಿ?" ಅಂತ ಕೇಳಬೇಡಿ. ಈಚೆಗೆ ಗಡಿಯಾರ ಹಿಡಿದು ಓಡಿದ 10 ಕಿಲೋಮೀಟರಿನ ಸಮಯ ಕೊಡಿ ಅನ್ನಿ. ತಂಡದ ಸರಾಸರಿ ನೋಡಿಯೇ ಆಯೋಜಕರು ನೀವು ಹೊರಡುವ ಹೊತ್ತು ನಿಗದಿ ಮಾಡುತ್ತಾರೆ. ನಿಧಾನದ ತಂಡಗಳಿಗೆ ಬೆಳಗಿನ ಜಾವ, ವೇಗದವರಿಗೆ ಆಮೇಲೆ. ಜಂಬಕ್ಕೆ ವೇಗ ಹೆಚ್ಚು ಬರೆದರೆ ತಡವಾಗಿ ಹೊರಟು ಕೊನೆಗೆ ಸಮಯದ ಮಿತಿ ಮೀರುತ್ತೀರಿ. ಕಡಿಮೆ ಬರೆದರೆ ಎಕ್ಸ್‌ಚೇಂಜ್ ತೆರೆಯುವ ಮೊದಲೇ ಬಂದು ಮುಟ್ಟುತ್ತೀರಿ, ಅಲ್ಲಿ ತಡೆದು ನಿಲ್ಲಿಸಬಹುದು.

ದಾರಿಯಲ್ಲಿ ಸಿಗುವ ದೊಡ್ಡ ನಗರ ಪೋರ್ಟ್‌ಲ್ಯಾಂಡ್ ಸುತ್ತಮುತ್ತಲಿನ ತಂಡಗಳು ತಮ್ಮ ಕಡೆಯಿಂದ ಸ್ವಯಂಸೇವಕರನ್ನೂ ಕೊಡಬೇಕು. ಇದನ್ನು ಕೊನೆಯ ವಾರಕ್ಕೆ ಬಿಟ್ಟರೆ ಮನೆಯವರನ್ನೇ ಅಂಗಲಾಚಬೇಕಾಗುತ್ತದೆ.

## ಹಂತ 2: ಲೆಗ್ ಹಂಚುವುದು

ಸರದಿ ಬದಲಾಗುವುದಿಲ್ಲ. 1ನೇ ಓಟಗಾರರಿಗೆ 1, 13, 25. 2ನೇಯವರಿಗೆ 2, 14, 26. ಹೀಗೆ 12, 24, 36ರವರೆಗೆ. ಎಲ್ಲ ಲೆಗ್‌ಗಳೂ ಸಮ ಅಲ್ಲ. ನಾಲ್ಕು ಮೈಲಿಗಿಂತ ಕಡಿಮೆಯವೂ ಇವೆ, ಏಳು ದಾಟಿದವೂ ಇವೆ. ಆದ್ದರಿಂದ ಒಂದೊಂದೇ ಲೆಗ್ ನೋಡಿ ಹಂಚಬೇಡಿ. ಮೂರರ ಒಟ್ಟು ದೂರ, ಏರು, ಇಳಿಜಾರು, ಓಡುವ ಹೊತ್ತು ನಾಲ್ಕನ್ನೂ ಒಂದು ಸಾಲಿನಲ್ಲಿ ಬರೆದುಕೊಂಡು ಹಂಚಿ.

ಎಲ್ಲಕ್ಕಿಂತ ಹೆಚ್ಚು ತಂಡಗಳು ಎಡವುವುದು ಮೊದಲ ಲೆಗ್‌ನಲ್ಲಿ. ಲಾಡ್ಜ್ ಇರುವುದು ಸುಮಾರು 6000 ಅಡಿ ಎತ್ತರದಲ್ಲಿ. ಮೊದಲ ಆರು ಮೈಲಿಯೊಳಗೆ ರಸ್ತೆ ಸುಮಾರು 2000 ಅಡಿ ಇಳಿಯುತ್ತದೆ. "ಇಳಿಜಾರು ತಾನೇ, ಹೊಸಬರಿಗೆ ಕೊಡೋಣ" ಅಂದುಕೊಳ್ಳುತ್ತಾರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಆ ನೋವು ಆಗಲೇ ಗೊತ್ತಾಗಲ್ಲ, ಕೆಲವು ಗಂಟೆ ಬಿಟ್ಟು ಶುರುವಾಗಿ ಮರುದಿನದಿಂದ ಮೂರನೇ ದಿನದೊಳಗೆ ಏರುತ್ತದೆ. ಅಂದರೆ ಹೊಸಬರು ಮೊದಲ ಲೆಗ್ ಖುಷಿಯಾಗಿ ಮುಗಿಸಿ, 25ನೇ ಲೆಗ್‌ಗೆ ವ್ಯಾನಿನಿಂದ ಇಳಿಯಲೂ ಆಗದೆ ನಿಲ್ಲುತ್ತಾರೆ. 1 ಮತ್ತು 2ನೇ ಜಾಗಕ್ಕೆ ಇಳಿಜಾರಿನಲ್ಲಿ ಅಭ್ಯಾಸ ಮಾಡಿದ, ಮಂಡಿ ಗಟ್ಟಿ ಇರುವವರನ್ನು ಹಾಕಿ.

ಕತ್ತಲೆಯ ಹಳ್ಳಿ ರಸ್ತೆಯಲ್ಲಿ ಒಬ್ಬರೇ ಓಡಲು ಇಷ್ಟವಿಲ್ಲದವರು ತಂಡದಲ್ಲಿ ಇದ್ದೇ ಇರುತ್ತಾರೆ. ಎಲ್ಲರ ಮುಂದೆ ಹೇಳಲು ಮುಜುಗರ. ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳಿ, ಅದಕ್ಕೆ ತಕ್ಕಂತೆ ಸರದಿ ಕೊಡಿ.

## ಹಂತ 3: ಸಮಯದ ಪಟ್ಟಿ

ಈ ಪಟ್ಟಿ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಶುಕ್ರವಾರ ಬೆಳಗ್ಗೆ 5ಕ್ಕೆ ಹೊರಟ, ಮೈಲಿಗೆ 10 ನಿಮಿಷದ ತಂಡದ ಲೆಕ್ಕ ಹೀಗಿರುತ್ತದೆ. ಆರು ಲೆಗ್‌ಗೆ ಸುಮಾರು 33 ಮೈಲಿ, ಐದೂವರೆ ಗಂಟೆ ಅಂತ ಇಟ್ಟುಕೊಂಡಿದ್ದೇನೆ.

- ಲೆಗ್ 1–6, ಮೊದಲ ವ್ಯಾನ್: ಬೆಳಗ್ಗೆ 5:00ರಿಂದ 10:30. ಸ್ಯಾಂಡಿ ಊರಿನಲ್ಲಿ ಹಸ್ತಾಂತರ.
- ಲೆಗ್ 7–12, ಎರಡನೇ ವ್ಯಾನ್: 10:30ರಿಂದ ಸಂಜೆ 4:00. ಪೋರ್ಟ್‌ಲ್ಯಾಂಡ್.
- ಲೆಗ್ 13–18, ಮೊದಲ ವ್ಯಾನ್: 4:00ರಿಂದ ರಾತ್ರಿ 9:30. ಸೇಂಟ್ ಹೆಲೆನ್ಸ್.
- ಲೆಗ್ 19–24, ಎರಡನೇ ವ್ಯಾನ್: 9:30ರಿಂದ ನಡುರಾತ್ರಿ ದಾಟಿ 3:00. ಮಿಸ್ಟ್ ಕಡೆಯ ಬೆಟ್ಟಗಳು.
- ಲೆಗ್ 25–30, ಮೊದಲ ವ್ಯಾನ್: 3:00ರಿಂದ ಬೆಳಗ್ಗೆ 8:30.
- ಲೆಗ್ 31–36, ಎರಡನೇ ವ್ಯಾನ್: 8:30ರಿಂದ ಮಧ್ಯಾಹ್ನ 2:00. ಸೀಸೈಡ್.

ಇದು ಬರೀ ಅಸ್ಥಿಪಂಜರ. ಇದರ ಮೇಲೆ ಪ್ರತಿ ಲೆಗ್‌ನ ನಿಜವಾದ ದೂರ ಮತ್ತು ಪ್ರತಿಯೊಬ್ಬರ ನಿಜವಾದ ಪೇಸ್ ಕೂಡಿಸಿ 36 ಸಾಲು ತುಂಬಬೇಕು. ಎಲ್ಲರೂ ಮೂರೂ ಲೆಗ್ ಒಂದೇ ವೇಗದಲ್ಲಿ ಓಡುತ್ತಾರೆ ಅಂತ ಮಾತ್ರ ಬರೆಯಬೇಡಿ. ನಾನಾದರೆ ಎರಡನೇ ಲೆಗ್‌ಗೆ ಮೈಲಿಗೆ 15 ಸೆಕೆಂಡ್, ಮೂರನೆಯದಕ್ಕೆ 30 ಸೆಕೆಂಡ್ ಸೇರಿಸುತ್ತೇನೆ. ಕೇಳಲು ಅಲ್ಪ ಅನಿಸುತ್ತದೆ, ಆದರೆ ಒಟ್ಟು ಲೆಕ್ಕದಲ್ಲಿ ಸುಮಾರು 50 ನಿಮಿಷ ಆಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸಿಗುವ ಲೆಗ್‌ಗಳಿಗೆ ಇನ್ನೂ ಸ್ವಲ್ಪ ಸೇರಿಸಿ. ಆಗಸ್ಟ್‌ನಲ್ಲಿ ಪೋರ್ಟ್‌ಲ್ಯಾಂಡ್ ಸುತ್ತ 30 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ.

ಪಟ್ಟಿಯನ್ನು ಫೋನಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಸೇಂಟ್ ಹೆಲೆನ್ಸ್ ದಾಟಿ ಕೋಸ್ಟ್ ರೇಂಜ್ ಬೆಟ್ಟಗಳಿಗೆ ಹೊಕ್ಕರೆ ದಾರಿಯ ಬಹುಭಾಗ ಸಿಗ್ನಲ್ ಇರುವುದಿಲ್ಲ. ಹಂಚಿಕೊಂಡ ಸ್ಪ್ರೆಡ್‌ಶೀಟ್ ಅಲ್ಲಿ ತೆರೆಯುವುದೇ ಇಲ್ಲ. ಪ್ರತಿ ವ್ಯಾನಿಗೆ ಎರಡು ಪ್ರತಿ ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪೆನ್ನನ್ನು ದಾರದಲ್ಲಿ ಕಟ್ಟಿಬಿಡಿ. ಪ್ರತಿ ಎಕ್ಸ್‌ಚೇಂಜಿನಲ್ಲಿ ನಿಜವಾದ ಸಮಯ ಬರೆಯಿರಿ. ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವೇ ಇನ್ನೊಂದು ವ್ಯಾನಿಗೆ ಬೇಕಾದ ಸುದ್ದಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಸಿಗ್ನಲ್ ಇಲ್ಲದ ಕಡೆಗೆ ಒಂದು ಒಪ್ಪಂದ ಬೇಕು: "ಸುದ್ದಿ ಬರದಿದ್ದರೆ, ಕೊನೆಯ ಸಲ ಹೇಳಿದ ಸಮಯಕ್ಕಿಂತ ಒಂದು ಗಂಟೆ ಮುಂಚೆ ನಾವು ಅಲ್ಲಿರುತ್ತೇವೆ." ಇಷ್ಟು ಸಾಕು. ಕಾಲ್ ಸಿಗಲಿಲ್ಲ ಅಂತ ವ್ಯಾನ್ ತಿರುಗಿಸಿಕೊಂಡು ಹುಡುಕಲು ಹೋದರೆ ಎರಡೂ ವ್ಯಾನ್ ಕಳೆದುಹೋಗುತ್ತವೆ.

## ಹಂತ 4: ವ್ಯಾನ್ ಮತ್ತು ಡ್ರೈವರ್

ಸುಮಾರು ಸಾವಿರ ತಂಡ, ತಂಡಕ್ಕೆ ಎರಡು ವ್ಯಾನ್. ಆ ವಾರ ಒರೆಗಾನ್‌ನಲ್ಲಿ ಬಾಡಿಗೆಗೆ ದೊಡ್ಡ ವ್ಯಾನ್ ಸಿಗುವುದು ಕಷ್ಟ, ಮಾರ್ಚ್–ಏಪ್ರಿಲ್‌ನಲ್ಲೇ ಕಾಯ್ದಿರಿಸಿ. 12 ಅಥವಾ 15 ಸೀಟಿನದು ತೆಗೆದುಕೊಂಡು ಹಿಂದಿನ ಸಾಲನ್ನು ಚೀಲಗಳಿಗೆ ಬಿಡಿ. ಏಳು ಸೀಟಿನ ಮಿನಿವ್ಯಾನ್ ಅಗ್ಗವೇನೋ ಹೌದು. ಆದರೆ ಕಾಲು ಚಾಚಲು ಜಾಗವಿಲ್ಲದೆ ಎರಡನೇ ಲೆಗ್ ಹೊತ್ತಿಗೆ ಎಲ್ಲರ ಮೀನಖಂಡವೂ ಹಿಡಿದುಕೊಂಡಿರುತ್ತದೆ. ಮೋಟರ್ ಹೋಮ್ (ಒಳಗೇ ವಾಸಿಸುವ ಮನೆಯಂಥ ಗಾಡಿ) ತರುವ ಆಸೆ ಬಿಡಿ. ನಿಯಮ ಒಪ್ಪುವುದಿಲ್ಲ, ರಸ್ತೆಯೂ ಕಿರಿದು.

ಬಾಡಿಗೆ ಕರಾರನ್ನು ಪೂರ್ತಿ ಓದಿ. ಯಾರು ಯಾರು ಓಡಿಸಬಹುದು, 25 ವರ್ಷದೊಳಗಿನವರಿಗೆ ಹೆಚ್ಚಿನ ಹಣವೇ, ಜಲ್ಲಿ ರಸ್ತೆಗೆ ಇಳಿಸಬಹುದೇ? ಬೆಟ್ಟದ ಕಡೆ ಜಲ್ಲಿ ಹಾದಿ ಇದೆ. ಕರಾರಿನಲ್ಲಿ ಅದಕ್ಕೆ ನಿಷೇಧವಿದ್ದು ಏನಾದರೂ ಆದರೆ ವಿಮೆ ಕೈಬಿಡಬಹುದು.

ಈಗ ಇಡೀ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಓಟದಲ್ಲಿ ದೊಡ್ಡ ಅಪಾಯ ಓಡುವುದರಲ್ಲಿಲ್ಲ, ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸುವುದರಲ್ಲಿದೆ. 17 ಗಂಟೆ ಎಚ್ಚರವಾಗಿದ್ದವರ ಚುರುಕು ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರಷ್ಟಕ್ಕೆ ಇಳಿಯುತ್ತದೆ, 24 ಗಂಟೆಗೆ 0.10ರ ಸಮ. ಒರೆಗಾನ್‌ನಲ್ಲಿ ಕುಡಿದು ಓಡಿಸುವ ಮಿತಿ 0.08. ಬೆಳಗ್ಗೆ 3ಕ್ಕೆ ಎದ್ದು ಓಡಲು ಹೊರಟವರು ಮರುದಿನ 3ಕ್ಕೆ ಸ್ಟಿಯರಿಂಗ್ ಹಿಡಿದರೆ ಏನರ್ಥ ಅಂತ ನೀವೇ ಲೆಕ್ಕ ಹಾಕಿ.

ಸಾಧ್ಯವಿದ್ದರೆ ಪ್ರತಿ ವ್ಯಾನಿಗೂ ಓಡದ ಒಬ್ಬ ಡ್ರೈವರ್ ಇರಲಿ. ಓಟ ಬಿಟ್ಟ ಗೆಳೆಯರೋ ಕುಟುಂಬದವರೋ ಆಗಬಹುದು. ಅವರಿಗೆ ಖರ್ಚು, ಊಟ, ಟಿ-ಶರ್ಟ್ ಎಲ್ಲ ತಂಡದ್ದೇ. ಹಾಗೆ ಆಗದಿದ್ದರೆ ಮೂರು ಕಟ್ಟುನಿಟ್ಟು:

1. ಈಗಷ್ಟೇ ಓಡಿ ಬಂದವರು ಒಂದು ಗಂಟೆ ಓಡಿಸಬಾರದು. ಮುಂದಿನ ಸರದಿಯವರು ಓಡಿಸಲೇಬಾರದು.
2. ರಾತ್ರಿ ಡ್ರೈವರ್ ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಎಚ್ಚರವಾಗಿ ಕೂತಿರಬೇಕು.
3. ಪಕ್ಕದಲ್ಲಿ ಕೂತವರು "ನಿಲ್ಲಿಸು" ಅಂದರೆ ವಾದ ಇಲ್ಲ.

ಎಚ್ಚರಿಕೆಯ ಸೂಚನೆಗಳು: ಗಾಡಿ ರಸ್ತೆ ಅಂಚಿನ ಉಬ್ಬುಗೆರೆಗೆ ತಾಗಿ ಸದ್ದಾಗುವುದು, ತಿರುವು ತಪ್ಪುವುದು, ಕಳೆದ ಎರಡು ಮೈಲಿ ಹೇಗೆ ಬಂದೆವು ಅಂತ ನೆನಪಾಗದಿರುವುದು. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಉಪಯೋಗಕ್ಕಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬೇರೆಯವರು ಕೂರಬೇಕು.

ಗ್ಯಾಸನ್ನು, ಅಂದರೆ ಪೆಟ್ರೋಲನ್ನು, ಪೋರ್ಟ್‌ಲ್ಯಾಂಡಿನಲ್ಲೋ ಸೇಂಟ್ ಹೆಲೆನ್ಸಿನಲ್ಲೋ ತುಂಬಿಸಿಕೊಳ್ಳಿ. ಮುಂದೆ ರಾತ್ರಿ ಹೊತ್ತು ಬಂಕ್ ನಂಬಿಕೊಳ್ಳುವಂತಿಲ್ಲ. ವ್ಯಾನಿಗೆ ದೂರದಿಂದ ಗುರುತು ಹತ್ತುವ ಬಣ್ಣದ ದೀಪದ ಸರ ಕಟ್ಟಿ. ನಡುರಾತ್ರಿ ಗದ್ದೆಯಂಥ ಬಯಲಿನಲ್ಲಿ ನೂರಾರು ಬಿಳಿ ವ್ಯಾನ್ ನಿಂತಿರುವಾಗ ನಿಮ್ಮದು ಯಾವುದು ಅಂತ ಹುಡುಕುವುದೇ ಒಂದು ಲೆಗ್ ಆಗಿಬಿಡುತ್ತದೆ.

## ಹಂತ 5: ತರಬೇತಿ

ಅರ್ಧ ಮ್ಯಾರಥಾನ್ ಓಡುವ ತಾಕತ್ತು ಇದ್ದರೆ ದೂರದ ಚಿಂತೆ ಬೇಡ. ಇಲ್ಲಿ ಹೊಸದು ಒಂದೇ: ಆರಿದ ಮೈಯಲ್ಲಿ ಮತ್ತೆ ಮತ್ತೆ ಓಡುವುದು. ಕೊನೆಯ ಎರಡು ತಿಂಗಳಲ್ಲಿ ಎರಡು ವಾರಕ್ಕೊಮ್ಮೆಯಾದರೂ ಶುಕ್ರವಾರ ಸಂಜೆ 5 ಮೈಲಿ, ಶನಿವಾರ ನಸುಕಿನಲ್ಲಿ 5, ಶನಿವಾರ ಸಂಜೆ 5 ಓಡಿ. ಮೂರನೆಯದರ ಮೊದಲ ಮೈಲಿ ಮರದ ಕಾಲಿನಲ್ಲಿ ಓಡಿದಂತಿರುತ್ತದೆ, ಎರಡನೇ ಮೈಲಿಗೆ ಸಡಿಲವಾಗುತ್ತದೆ. ಇದನ್ನು ಮೊದಲೇ ಕಂಡವರು ಓಟದ ದಿನ ಹೆದರುವುದಿಲ್ಲ.

ಒಮ್ಮೆಯಾದರೂ ರಾತ್ರಿ 2 ಗಂಟೆಗೆ ಅಲಾರಂ ಇಟ್ಟು ಎದ್ದು, ಹೆಡ್‌ಲ್ಯಾಂಪ್ ಹಾಕಿ, ಜೊತೆಗೊಬ್ಬರನ್ನು ಕರೆದುಕೊಂಡು ಓಡಿ. ಹೆಡ್‌ಲ್ಯಾಂಪ್ ಜಾರುತ್ತದೋ ಹಣೆ ಒತ್ತುತ್ತದೋ ಅನ್ನುವುದು ಆಗಲೇ ಗೊತ್ತಾಗಬೇಕು. 1 ಮತ್ತು 2ನೇ ಓಟಗಾರರು ವಾರಕ್ಕೊಮ್ಮೆ ಇಳಿಜಾರಿನಲ್ಲಿ, ಸಣ್ಣ ಹೆಜ್ಜೆಯಲ್ಲಿ, ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತಾ ಓಡಲಿ. ಕೊನೆಯ ಹತ್ತು ದಿನ ಅದನ್ನು ನಿಲ್ಲಿಸಿ.

## ಹಂತ 6: ಚೀಲ ಕಟ್ಟುವುದು

ಒಬ್ಬರಿಗೆ ಒಂದೇ ಮೆತ್ತನೆಯ ಚೀಲ. ಗಾಲಿ ಇರುವ ಸೂಟ್‌ಕೇಸ್ ತಂದವರನ್ನು ವಾಪಸ್ ಕಳಿಸಿ.

ಅದರೊಳಗೆ ಮೂರು ದೊಡ್ಡ ಜಿಪ್‌ಲಾಕ್ ಕವರ್. ಒಂದೊಂದರಲ್ಲೂ ಒಂದು ಲೆಗ್‌ನ ಬನಿಯನ್, ಚಡ್ಡಿ, ಒಳಉಡುಪು, ಕಾಲುಚೀಲ. ಮೇಲೆ ಹೆಸರು, ಲೆಗ್ ನಂಬರ್. ಓಡಿ ಬಂದ ಮೇಲೆ ಬೆವರಿನ ಬಟ್ಟೆ ಅದೇ ಕವರಿಗೆ ಹೋಗಿ ಜಿಪ್ ಮುಚ್ಚಬೇಕು. ಆರು ಜನರ ಒದ್ದೆ ಬಟ್ಟೆ ತೆರೆದಿಟ್ಟ ವ್ಯಾನಿನ ವಾಸನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಎರಡು ಜೊತೆ ಶೂ ತನ್ನಿ, ಓಟದ ನಡುವೆ ಹಾಕಲು ಚಪ್ಪಲಿ. ಮಧ್ಯಾಹ್ನ ಬೇಯುವಂತಿದ್ದರೂ ಬೆಟ್ಟದ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯಬಹುದು, ಸ್ವೆಟರ್ ಮತ್ತು ಟೊಪ್ಪಿ ಬೇಕೇ ಬೇಕು.

ವ್ಯಾನಿಗೆ ಸೇರಿದ್ದು: ಒಬ್ಬೊಬ್ಬರಿಗೂ ಒಂದು ರಿಫ್ಲೆಕ್ಟಿವ್ ವೆಸ್ಟ್ (ಬೆಳಕು ಬಿದ್ದರೆ ಹೊಳೆಯುವ ಮೇಲಂಗಿ), ಮೂರು ಹೆಡ್‌ಲ್ಯಾಂಪ್, ಮಿನುಗುವ ಹಿಂಬದಿ ದೀಪ, ಎಲ್ಲಕ್ಕೂ ಹೆಚ್ಚುವರಿ ಬ್ಯಾಟರಿ. ಟಾಯ್ಲೆಟ್ ಪೇಪರ್, ಒದ್ದೆ ವೈಪ್ಸ್, ಸ್ಯಾನಿಟೈಸರ್. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ತೊಡೆ ಸವೆತಕ್ಕೆ ವ್ಯಾಸಲಿನ್. ಟಾರ್ಪಾಲಿನ್, ಮಲಗುವ ಚೀಲ, ಫೋನ್ ಚಾರ್ಜರ್. ಜಲ್ಲಿ ರಸ್ತೆಯ ಧೂಳಿಗೆ ಮೂಗು ಮುಚ್ಚುವ ತೆಳು ಬಟ್ಟೆ.

ಒಂದೇ ವೆಸ್ಟ್ ಇಟ್ಟುಕೊಂಡು ಎಕ್ಸ್‌ಚೇಂಜಿನಲ್ಲಿ ಕೈ ಬದಲಿಸುವ ಉಪಾಯ ಬೇಡ. ನಿಯಮದಂತೆ ಕತ್ತಲಲ್ಲಿ ಓಡುವವರಷ್ಟೇ ಅಲ್ಲ, ವ್ಯಾನಿನಿಂದ ಇಳಿದು ನಿಂತವರೂ ವೆಸ್ಟ್ ಹಾಕಿರಬೇಕು. ಮೂತ್ರಕ್ಕೆ ಇಳಿದವರಿಗೂ ಅದೇ ನಿಯಮ.

## ಹಂತ 7: ಊಟ

ನಮ್ಮ ತಂಡಗಳಲ್ಲಿ ಊಟ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ತಪ್ಪುವುದು ಯಾವುದನ್ನು ಯಾವಾಗ ತಿನ್ನಬೇಕು ಅನ್ನುವುದರಲ್ಲಿ.

ಓಡಿ ಬಂದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ, ಹಸಿವಿಲ್ಲದಿದ್ದರೂ. ಬಾಳೆಹಣ್ಣು, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಜಾಮ್ ಸವರಿದ ಚಪಾತಿ, ಇಡ್ಲಿ ಎಲ್ಲವೂ ಆಗುತ್ತದೆ. ದೊಡ್ಡ ಊಟವನ್ನು ವ್ಯಾನಿನ ಆರೂ ಜನ ಮುಗಿಸಿದ ಮೇಲೆ ಇಟ್ಟುಕೊಳ್ಳಿ, ಆಗ ಐದು ಗಂಟೆ ಬಿಡುವು ಇರುತ್ತದೆ. ಓಡುವ ಮುಂಚಿನ ಎರಡು ಗಂಟೆ ಹೊಟ್ಟೆ ಹಗುರ ಇರಬೇಕು.

ಕಾಳಿನ ಉಸಲಿ, ಬಜ್ಜಿ, ಖಾರದ ಮಿಕ್ಸ್‌ಚರ್, ಹೂಕೋಸು ಪಲ್ಯ ಮನೆಯಲ್ಲೇ ಇರಲಿ. ನಡುರಾತ್ರಿ 20 ಜನರ ಸಾಲಿನ ಕೊನೆಯಲ್ಲಿ ನಿಂತು ತಾತ್ಕಾಲಿಕ ಶೌಚಾಲಯಕ್ಕೆ ಕಾಯುವಾಗ ನನ್ನ ಮಾತು ನೆನಪಾಗುತ್ತದೆ. ಓಡುವಾಗ ಶಕ್ತಿಗೆ ಅಂತ ಮಾರುವ ಹೊಸ ಜೆಲ್, ಹೊಸ ಪುಡಿ ಯಾವುದನ್ನೂ ಅಲ್ಲಿ ಮೊದಲ ಸಲ ನುಂಗಬೇಡಿ.

ಅನ್ನದ ವಿಷಯದಲ್ಲಿ ಎಚ್ಚರ. ಪುಳಿಯೋಗರೆ, ಮೊಸರನ್ನ ಎಲ್ಲರಿಗೂ ಇಷ್ಟ, ಅಲ್ವಾ? ಆದರೆ ಬೆಂದ ಅನ್ನ ಬೆಚ್ಚಗೆ ಉಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಾಡಿದ ಕೂಡಲೇ ಆರಿಸಿ, ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಟ್ಟು, ಐಸ್ ತುಂಬಿದ ಪೆಟ್ಟಿಗೆಯಲ್ಲಿ ತನ್ನಿ. ಹೊರಗೆ ತೆಗೆದದ್ದನ್ನು ಎರಡು ಗಂಟೆಯೊಳಗೆ ತಿಂದು ಮುಗಿಸಿ, ಉಳಿದರೆ ಚೆಲ್ಲಿ. ಎರಡನೇ ದಿನಕ್ಕೆ ಅನ್ನವೇ ಬೇಡ, ಚಪಾತಿ, ಬ್ರೆಡ್ ಸಾಕು.

ನೀರಿನ ಜೊತೆ ಉಪ್ಪು–ಸಕ್ಕರೆ ಹಾಕಿದ ನಿಂಬೆ ಪಾನಕ ಇರಲಿ. ಬಾಯಾರಿಕೆ ಆದಷ್ಟು ಕುಡಿಯಿರಿ. ಭಯಕ್ಕೆ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಒಂದು ಅಪಾಯ. ಕಾಫಿಯ ಪ್ರಭಾವ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ 11ಕ್ಕೆ ಮಲಗುವವರು ಸಂಜೆ 6ರ ಮೇಲೆ ಕುಡಿಯದಿರುವುದೇ ಮೇಲು.

## ಹಂತ 8: ಎಕ್ಸ್‌ಚೇಂಜ್

ಮೊದಲ ಸರದಿಯಲ್ಲಿ ಎಲ್ಲವೂ ಸುಲಭ ಅನಿಸುತ್ತದೆ. ರಸ್ತೆ ಅಗಲ, ತಂಡಗಳು ಚದುರಿವೆ, ಫೋನ್ ಸಿಗುತ್ತದೆ. ಇದನ್ನು ನಂಬಿ ಎರಡನೇ ಸರದಿಯಲ್ಲೂ ಹಾಗೇ ನಡೆದುಕೊಳ್ಳುವುದರಿಂದಲೇ ಗೊಂದಲ ಶುರು. ನಿಧಾನದ ತಂಡಗಳು ಮೊದಲು, ವೇಗದವರು ಆಮೇಲೆ ಹೊರಡುವುದರಿಂದ ಓಟ ಮುಂದೆ ಹೋದಂತೆ ಎಲ್ಲರೂ ಒಂದೇ ಕಡೆ ಒತ್ತೊತ್ತಾಗುತ್ತಾರೆ. ಸುಮಾರು ಎರಡು ಸಾವಿರ ವ್ಯಾನ್‌ಗಳು ಬೆಟ್ಟದ ಎರಡು ಲೇನಿನ ರಸ್ತೆಗೆ ಸೇರುತ್ತವೆ. ಓಡುವವರು ವ್ಯಾನಿಗಿಂತ ಮೊದಲೇ ಮುಟ್ಟುವುದು ಅಲ್ಲಿ ತೀರಾ ಮಾಮೂಲು.

ಪ್ರತಿ ಎಕ್ಸ್‌ಚೇಂಜಿನಲ್ಲೂ ಇದೇ ಕ್ರಮ ಇರಲಿ:

1. ಓಟಗಾರರು ಹೊರಟ ಕೂಡಲೇ, ಆಗಷ್ಟೇ ಮುಗಿಸಿದವರನ್ನು ಹತ್ತಿಸಿಕೊಂಡು ವ್ಯಾನ್ ಹೊರಡಬೇಕು. ಫೋಟೊ, ಬಟ್ಟೆ ಬದಲಾಯಿಸುವುದು, ಹರಟೆ ಎಲ್ಲ ಮುಂದಿನ ಜಾಗದಲ್ಲಿ.
2. ಮುಂದಿನ ಸರದಿಯವರು ವ್ಯಾನ್ ಹೊರಡುವಾಗಲೇ ಶೂ, ಬಿಬ್ (ಎದೆಯ ಮೇಲಿನ ನಂಬರ್ ಚೀಟಿ), ವೆಸ್ಟ್, ದೀಪ ಹಾಕಿಕೊಂಡು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಬೇಕು.
3. ಎಕ್ಸ್‌ಚೇಂಜಿಗೆ ಅರ್ಧ ಮೈಲಿ ಇರುವಾಗ ಸಾಲು ನಿಂತುಬಿಟ್ಟರೆ, ರಸ್ತೆ ಅಂಚು ಸುರಕ್ಷಿತವಾಗಿದ್ದು ಅಲ್ಲಿನ ಸ್ವಯಂಸೇವಕರು ಬಿಟ್ಟರೆ, ಅವರು ಇನ್ನೊಬ್ಬರ ಜೊತೆ ಇಳಿದು ನಡೆದು ಹೋಗಲಿ. ಆ ಇನ್ನೊಬ್ಬರು ಮುಗಿಸಿ ಬಂದವರಿಗೆ ನೀರು, ಸ್ವೆಟರ್ ಕೊಟ್ಟು ವ್ಯಾನಿನ ಕಡೆಗೆ ಕರೆತರಲಿ.
4. ಬರುವ ಓಟಗಾರರ ಬಿಬ್ ನಂಬರ್ ಸ್ವಯಂಸೇವಕರು ಕೂಗುತ್ತಾರೆ. ಕಿವಿ ಅತ್ತ ಇರಲಿ. ಮಣಿಕಟ್ಟಿಗೆ ತಟ್ಟಿದರೆ ಸುತ್ತಿಕೊಳ್ಳುವ ಪಟ್ಟಿಯೇ ಇಲ್ಲಿನ ಬೇಟನ್, ಅದು ಕೈಯಿಂದ ಕೈಗೆ ಹೋಗಬೇಕು.
5. ಒಬ್ಬರು ಸಮಯ ಬರೆಯಬೇಕು. ಆ ಒಬ್ಬರು ಯಾರು ಅಂತ ಮೊದಲೇ ಹೇಳಿಬಿಡಿ. "ಯಾರಾದರೂ ಬರೆಯಿರಿ" ಅಂದರೆ ಯಾರೂ ಬರೆಯುವುದಿಲ್ಲ.

ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ, ಅಂದರೆ 6, 12, 18, 24, 30ರಲ್ಲಿ, ಎರಡೂ ವ್ಯಾನ್ ಸೇರುತ್ತವೆ. ಮುಂದಿನ ವ್ಯಾನ್ ಒಂದು ಗಂಟೆ ಮೊದಲೇ ಅಲ್ಲಿರಲಿ. ಸಿಗ್ನಲ್ ಇರುವ ಕಡೆ ಓಡುತ್ತಿರುವ ವ್ಯಾನಿನ 4ನೇ ಓಟಗಾರರು ಹೊರಟಾಗ ಇನ್ನೊಂದು ವ್ಯಾನಿಗೆ ಒಂದು ಮೆಸೇಜ್, 6ನೇಯವರು ಹೊರಟಾಗ ಇನ್ನೊಂದು. ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಆ ಎರಡು ದಿನ ಬೇಡ, ಸಮಯದ ಮೆಸೇಜ್ ಅದರ ಕೆಳಗೆ ಹೂತುಹೋಗುತ್ತದೆ.

ಕೆಲವು ಲೆಗ್‌ಗಳಲ್ಲಿ ನಡುವೆ ವ್ಯಾನ್ ನಿಲ್ಲಿಸಿ ನೀರು ಕೊಡಲು ಬಿಡುವುದಿಲ್ಲ. ಅವನ್ನು ಪಟ್ಟಿಯಲ್ಲಿ ಗುರುತು ಮಾಡಿ, ಆ ಓಟಗಾರರ ಕೈಗೆ ಬಾಟಲಿ ಕೊಟ್ಟೇ ಕಳಿಸಿ.

## ಹಂತ 9: ರಾತ್ರಿಯ ಲೆಗ್

ದಾರಿ ಬೇರೆ ರೀತಿ ಸೂಚಿಸದಿದ್ದರೆ ಎದುರು ಬರುವ ಗಾಡಿಗಳಿಗೆ ಮುಖ ಮಾಡಿ, ರಸ್ತೆಯ ಎಡ ಅಂಚಿನಲ್ಲಿ ಓಡಿ. ಹೆಡ್‌ಲೈಟ್ ಕಣ್ಣಿಗೆ ಬಡಿದಾಗ ಅದನ್ನು ನೋಡದೆ ರಸ್ತೆ ಅಂಚಿನ ಬಿಳಿ ಗೆರೆ ನೋಡಿ. ಗಾಡಿ ದಾಟಿದ ಮೇಲೂ ಎರಡು ಕ್ಷಣ ಕಣ್ಣು ಕಾಣುವುದಿಲ್ಲ, ಹೆಜ್ಜೆ ಸಣ್ಣದಾಗಿಸಿ. ಇಯರ್‌ಫೋನ್ ಬೇಡ, ಗಾಡಿಯ ಸದ್ದು ಕೇಳಿಸಬೇಕು. ದೀಪವನ್ನು ಹತ್ತು–ಹದಿನೈದು ಅಡಿ ಮುಂದೆ ಬೀಳುವಂತೆ ಬಾಗಿಸಿ.

ತಿರುವು ತಪ್ಪಿತು ಅಂತ ಅನುಮಾನ ಬಂದರೆ, ಅಂದರೆ ತುಂಬಾ ಹೊತ್ತಾದರೂ ಮುಂದೆ ಕೆಂಪು ದೀಪ ಮಿನುಗುತ್ತಿಲ್ಲ, ವ್ಯಾನ್‌ಗಳೂ ಹಾಯುತ್ತಿಲ್ಲ ಅಂದರೆ, ಕೊನೆಯ ಸಲ ಫಲಕ ನೋಡಿದ ಜಾಗಕ್ಕೆ ಹಿಂದಿರುಗಿ. ಅಂದಾಜಿನ ಅಡ್ಡದಾರಿ ಹಿಡಿಯಬೇಡಿ. ವ್ಯಾನಿನವರು ಅಂದಾಜಿಗಿಂತ 20 ನಿಮಿಷ ಮೀರಿದರೆ ಎಕ್ಸ್‌ಚೇಂಜಿನ ಸ್ವಯಂಸೇವಕರಿಗೆ ಹೇಳಬೇಕು, ಕಾದು ನೋಡೋಣ ಅನ್ನಬಾರದು.

## ಹಂತ 10: ನಿದ್ದೆ

ಮೇಲಿನ ಪಟ್ಟಿಯಲ್ಲಿ ಮೊದಲ ವ್ಯಾನ್ 9:30ಕ್ಕೆ ಮುಗಿಸಿ 3:00ಕ್ಕೆ ಮತ್ತೆ ಓಡಬೇಕು. ಐದೂವರೆ ಗಂಟೆ ಇದೆ ಅನಿಸುತ್ತದೆ. ಮುಂದಿನ ದೊಡ್ಡ ಎಕ್ಸ್‌ಚೇಂಜಿಗೆ ಹೋಗುವುದು, ಜಾಗ ಹುಡುಕುವುದು, ಊಟ ಕಳೆದರೆ ಉಳಿಯುವುದು ಎರಡೂವರೆ ಗಂಟೆ. ಅದನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಮುಂದಿನ ಜಾಗಕ್ಕೆ ಹೋಗಿ, ಆಮೇಲೆ ಮಲಗಿ. ಇಲ್ಲೇ ಮಲಗಿ ಎದ್ದು ಹೊರಡೋಣ ಅಂದವರು ಟ್ರಾಫಿಕ್ಕಿಗೆ ಸಿಕ್ಕಿ ಸರದಿ ತಪ್ಪಿಸಿಕೊಳ್ಳುತ್ತಾರೆ.

ಮಲಗಲು ಗುರುತು ಮಾಡಿದ ಜಾಗದಲ್ಲೇ ಮಲಗಿ. ವ್ಯಾನಿನ ಪಕ್ಕದ ಹುಲ್ಲಿನಲ್ಲಿ ಖಂಡಿತ ಬೇಡ. ಕತ್ತಲಲ್ಲಿ ಗಾಡಿ ಹಿಂದೆ ತೆಗೆಯುವ ನಿದ್ದೆಗಣ್ಣಿನ ಡ್ರೈವರಿಗೆ ಮಲಗುವ ಚೀಲ ಕಾಣುವುದಿಲ್ಲ. ಹುಲ್ಲು ಇಬ್ಬನಿಗೆ ಒದ್ದೆಯಾಗಿರುತ್ತದೆ, ಕೆಳಗೆ ಟಾರ್ಪಾಲಿನ್ ಹಾಸಿ.

ಇಬ್ಬರ ಫೋನಿನಲ್ಲಿ ಅಲಾರಂ ಇರಲಿ. ಮೊದಲು ಓಡುವವರು ಕನಿಷ್ಠ 45 ನಿಮಿಷ ಮುಂಚೆ ಏಳಬೇಕು. ಎದ್ದ ಮೊದಲ ಅರ್ಧ ಗಂಟೆ ತಲೆಗೆ ಮಂಕು ಕವಿದಿರುತ್ತದೆ, ಶೂ ಎಡಬಲ ಬದಲಾಗುವ ಹೊತ್ತು ಅದು. ನಿದ್ದೆ ಬಾರದಿದ್ದರೆ ಕಣ್ಣು ಮುಚ್ಚಿ ಕಾಲು ಮೇಲಿಟ್ಟು ಮಲಗಿದರೂ ಸಾಕು. ಮಾತಾಡುವವರು ದೂರ ಹೋಗಿ ಮಾತಾಡಲಿ.

## ಹಂತ 11: ಮೂರನೇ ಸರದಿ ಮತ್ತು ನಿಲ್ಲಿಸಬೇಕಾದ ಸೂಚನೆಗಳು

ಮೊದಲ ಐದು ನಿಮಿಷ ನಡೆಯಿರಿ, ಆಮೇಲೆ ಮೆಲ್ಲಗೆ ಓಡಿ. ಎರಡೂ ತೊಡೆ ಸಮನಾಗಿ ನೋಯುವುದು ಸಹಜ. ಒಂದೇ ಜಾಗದಲ್ಲಿ ಚುಚ್ಚಿ, ಹೆಜ್ಜೆ ಹೆಜ್ಜೆಗೂ ಹೆಚ್ಚಾಗಿ, ಕುಂಟುವಂತೆ ಮಾಡುವ ನೋವು ಸಹಜ ಅಲ್ಲ, ಓಟ ಬಿಡಿ. ಬದಲಿ ಯಾರು ಓಡಬಹುದು ಅನ್ನುವುದಕ್ಕೆ ನಿಯಮ ಪುಸ್ತಕದಲ್ಲಿ ದಾರಿ ಇರುತ್ತದೆ. ಆ ಪುಟವನ್ನು ಮೊದಲೇ ಓದಿ ಗುರುತು ಮಾಡಿಟ್ಟರೆ ಬೆಳಗಿನ ಜಾವ ಜಗಳ ಆಗುವುದಿಲ್ಲ.

ತಕ್ಷಣ ಸಹಾಯ ಕೇಳಬೇಕಾದವು: ಮಾತು ತೊದಲುವುದು ಅಥವಾ ತಾನೆಲ್ಲಿದ್ದೇನೆ ಅಂತ ತಿಳಿಯದಿರುವುದು, ಬಿಸಿಲಿನಲ್ಲಿ ಮೈ ಸುಡುತ್ತಾ ಗೊಂದಲ, ಎದೆನೋವು, ನಿಲ್ಲದ ವಾಂತಿ, ಕೋಲಾ ಬಣ್ಣದ ಮೂತ್ರ. ಇದಕ್ಕೆ "ಸ್ವಲ್ಪ ಮಲಗಿದರೆ ಸರಿಹೋಗುತ್ತದೆ" ಅನ್ನುವ ಉತ್ತರ ಇಲ್ಲ. ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಹತ್ತಿರದ ಎಕ್ಸ್‌ಚೇಂಜಿಗೆ ಓಡಿ ಹೇಳಿ. ಬಿಸಿಲಿನ ಹೊಡೆತವಾದರೆ ಸಹಾಯ ಬರುವವರೆಗೆ ಐಸ್ ಪೆಟ್ಟಿಗೆಯ ನೀರು ಮೈಮೇಲೆ ಸುರಿಯುತ್ತಿರಿ. ನೋವಿನ ಮಾತ್ರೆ ನುಂಗಿ ಓಡುವುದು ಬೇಡ. ಐಬುಪ್ರೊಫೇನ್‌ನಂಥವು ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ಹೊರೆ.

## ಹಂತ 12: ಸೀಸೈಡ್ ಮತ್ತು ವಾಪಸ್

ಮೊದಲ ವ್ಯಾನಿನ ಕೆಲಸ 8:30ಕ್ಕೆ ಮುಗಿಯುತ್ತದೆ. ತಿಂಡಿ ಮುಗಿಸಿ ಸೀದಾ ಸೀಸೈಡಿಗೆ ಹೋಗಿ ಗಾಡಿ ನಿಲ್ಲಿಸಿ, ಸ್ನಾನ, ನಿದ್ದೆ ಏನಿದ್ದರೂ ಅಲ್ಲೇ. ಹೊತ್ತೇರಿದಂತೆ ಊರೊಳಗೆ ಹೋಗುವ ರಸ್ತೆ ಕಟ್ಟಿಕೊಳ್ಳುತ್ತದೆ. ಎರಡನೇ ವ್ಯಾನ್ 36ನೇ ಲೆಗ್‌ನ ಓಟಗಾರರನ್ನು ಬಿಟ್ಟ ಮೇಲೆ ಅವರಿಗಿಂತ ಮೊದಲು ಮುಟ್ಟುವುದು ಕಷ್ಟ. ಕೊನೆಯ ಲೆಗ್‌ಗೆ ವೇಗದವರನ್ನೇ ಹಾಕಿದ್ದರೆ ಇನ್ನೂ ಕಷ್ಟ. ಮರಳಿನ ಮೇಲೆ ಹನ್ನೆರಡೂ ಜನ ಒಟ್ಟಿಗೆ ಓಡಿ ಮುಗಿಸಬೇಕು ಅಂತ ಆಸೆ ಇದ್ದರೆ, ಸೇರುವ ಜಾಗ ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಆ ರಾತ್ರಿಗೆ ಸೀಸೈಡಿನಲ್ಲೋ ಪಕ್ಕದ ಊರುಗಳಲ್ಲೋ ಕೋಣೆ ಬೇಕು, ಲಾಟರಿ ಹತ್ತಿದ ವಾರವೇ ಕಾಯ್ದಿರಿಸಿ. ಪೋರ್ಟ್‌ಲ್ಯಾಂಡಿಗೆ ಸುಮಾರು 80 ಮೈಲಿ. ಎರಡು ರಾತ್ರಿ ನಿದ್ದೆಗೆಟ್ಟು, ಒಂದು ಬಿಯರ್ ಕುಡಿದು, ಸಂಜೆ ಬೆಟ್ಟದ ರಸ್ತೆಯಲ್ಲಿ ಓಡಿಸಿಕೊಂಡು ಹೋಗುವುದು ಇಡೀ ಓಟದಲ್ಲಿ ಮಾಡಬಹುದಾದ ಅತಿ ಕೆಟ್ಟ ತೀರ್ಮಾನ. ಭಾನುವಾರ ಬೆಳಗ್ಗೆ ಹೊರಡಿ.

ವ್ಯಾನ್ ಹಿಂದಿರುಗಿಸುವ ಮೊದಲು ಅಲಂಕಾರಕ್ಕೆ ಕಿಟಕಿಗೆ ಬಳಿದ ಬಣ್ಣ ತೊಳೆದು, ಸೀಟಿನ ಕೆಳಗೆಲ್ಲ ಹುಡುಕಿ, ಒಳಗೂ ಹೊರಗೂ ಫೋಟೊ ತೆಗೆದಿಟ್ಟುಕೊಳ್ಳಿ. ವಾಸನೆಗೆ ದಂಡ ಹಾಕುವ ಬಾಡಿಗೆಯವರಿದ್ದಾರೆ, ಬಾಗಿಲು ತೆರೆದು ಒಂದು ಗಂಟೆ ಗಾಳಿಗೆ ಬಿಡಿ. ಗ್ಯಾಸ್, ಊಟ, ಬಾಡಿಗೆಯ ಲೆಕ್ಕವನ್ನು ಅದೇ ವಾರ ಮುಗಿಸಿಬಿಡಿ. ಅಕ್ಟೋಬರ್‌ನಲ್ಲಿ ಮತ್ತೆ ನೋಂದಣಿ ಬಂದಾಗ ಹಳೆ ಬಾಕಿ ಕೇಳುತ್ತಾ ಕೂರುವ ಕ್ಯಾಪ್ಟನ್‌ಗೆ ಹೊಸ ತಂಡ ಸಿಗುವುದು ಕಷ್ಟ.